ಜಿಲ್ಲಾ ಮಟ್ಟದ ಶಾಲಾ ಶಿಕ್ಷಣ ಯೋಜನೆ: ನಡೆದುಬಂದ ದಾರಿ ಮತ್ತು ಇಂದಿನ ಕ್ರಮ

(ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಶಾಲೆಗೆ ಹೆಚ್ಚುವರಿ ಕೊಠಡಿ, ಶೌಚಾಲಯ, ಶಿಕ್ಷಕರ ಹುದ್ದೆ, ಕಿರಿಯ ಪ್ರಾಥಮಿಕ ಶಾಲೆಯ ಉನ್ನತೀಕರಣ ಮುಂತಾದವುಗಳನ್ನು ಕೋರಿ ಸಾರ್ವಜನಿಕರು ಪ್ರತಿ ವರ್ಷ ಅನೇಕ ಮನವಿಗಳನ್ನು ಸಲ್ಲಿಸುತ್ತಾರೆ. ಇಂತಹ ಬೇಡಿಕೆಗಳು ಸಾಮಾನ್ಯವಾಗಿ ಜಿಲ್ಲೆಯ ವಾರ್ಷಿಕ ಕಾರ್ಯಯೋಜನೆಯಲ್ಲಿ ಸೇರ್ಪಡೆಯಾದ ನಂತರವೇ ಅನುದಾನ ಪಡೆಯುತ್ತವೆ. ಮನವಿಯು ನ್ಯಾಯಯುತವಾಗಿದ್ದರೂ ಯೋಜನೆ ಸಿದ್ಧವಾದ ಮೇಲೆ ಬಂದರೆ, ಅಥವಾ ಶಾಲೆಯ ಅಂಕಿ-ಅಂಶಗಳಲ್ಲಿ ಆ ಕೊರತೆ ದಾಖಲಾಗದೆ ಇದ್ದರೆ, ಒಂದು ಶೈಕ್ಷಣಿಕ ವರ್ಷವೇ ಕಳೆದುಹೋಗಬಹುದು. ಆದ್ದರಿಂದ ಜಿಲ್ಲಾ ಶಿಕ್ಷಣ ಯೋಜನೆ ಹೇಗೆ ರೂಪುಗೊಂಡಿತು, ಈಗ ಹೇಗೆ ಸಿದ್ಧವಾಗುತ್ತದೆ ಹಾಗೂ ನಾಗರಿಕರು ಯಾವ ಹಂತದಲ್ಲಿ ಪಾಲ್ಗೊಳ್ಳಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಆರಂಭದ ಹಂತ

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕನ್ನಡ ಪ್ರದೇಶಗಳಲ್ಲಿ ಶಾಲಾ ಆಡಳಿತ ಒಂದೇ ಬಗೆಯದಾಗಿರಲಿಲ್ಲ. ಹಳೆಯ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಜಿಲ್ಲೆಗಳಲ್ಲಿ ಪ್ರಾಥಮಿಕ ಶಾಲೆಗಳನ್ನು ಜಿಲ್ಲಾ ಶಾಲಾ ಮಂಡಳಿಗಳು ನೋಡಿಕೊಳ್ಳುತ್ತಿದ್ದವು. ಹಳೆಯ ಮೈಸೂರು ಸೀಮೆಯಲ್ಲಿ ಶಾಲೆಗಳು ನೇರವಾಗಿ ಸರ್ಕಾರದ ಅಧೀನದಲ್ಲಿದ್ದವು. 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆಯು ಇಡೀ ರಾಜ್ಯಕ್ಕೆ ಏಕರೂಪದ ಚೌಕಟ್ಟನ್ನು ನೀಡಿತು. ಆದರೆ ಯೋಜನೆ ಎಂಬುದು ಆಗ ರಾಜಧಾನಿಯಲ್ಲಿ ನಿರ್ಧಾರವಾಗುವ ವಿಷಯವಾಗಿತ್ತು. ಜಿಲ್ಲಾ ಕಚೇರಿಯ ಕೆಲಸ ಮಂಜೂರಾದ ಶಾಲೆಗಳನ್ನು ತೆರೆಯುವುದು, ತಪಾಸಣೆ ನಡೆಸುವುದು ಮತ್ತು ವೇತನ ಬಟವಾಡೆ ಮಾಡುವುದಕ್ಕೆ ಸೀಮಿತವಾಗಿತ್ತು.

ಡಾ. ಡಿ.ಎಸ್. ಕೊಠಾರಿ ಅವರ ಅಧ್ಯಕ್ಷತೆಯ ಶಿಕ್ಷಣ ಆಯೋಗವು 1966ರಲ್ಲಿ ಸಲ್ಲಿಸಿದ ವರದಿಯಲ್ಲಿ, ಯೋಜನೆಯು ಶಾಲೆಯಿಂದ ಆರಂಭವಾಗಿ ಜಿಲ್ಲೆಯ ಮೂಲಕ ಮೇಲಕ್ಕೆ ಸಾಗಬೇಕೆಂಬ ಆಶಯವನ್ನು ಮುಂದಿಟ್ಟಿತು. 1969ರಲ್ಲಿ ಯೋಜನಾ ಆಯೋಗವು ಜಿಲ್ಲಾ ಯೋಜನೆ ತಯಾರಿಕೆಗೆ ಮಾರ್ಗಸೂಚಿಗಳನ್ನು ಹೊರಡಿಸಿತು. ಆದರೂ ಜಿಲ್ಲೆಗೆ ಪ್ರತ್ಯೇಕ ಹಣ, ಸಿಬ್ಬಂದಿ ಹಾಗೂ ವಿಶ್ವಾಸಾರ್ಹ ಅಂಕಿ-ಅಂಶಗಳು ಇಲ್ಲದ ಕಾರಣ ಈ ಆಶಯ ಬಹುಕಾಲ ಕಾಗದದಲ್ಲಿಯೇ ಉಳಿಯಿತು.

ಪಂಚಾಯತ್ ರಾಜ್ ವ್ಯವಸ್ಥೆ

1983ರ ಕರ್ನಾಟಕ ಕಾಯಿದೆಯ ಅನ್ವಯ 1987ರಲ್ಲಿ ಜಿಲ್ಲಾ ಪರಿಷತ್ತುಗಳು ಅಸ್ತಿತ್ವಕ್ಕೆ ಬಂದು, ಪ್ರಾಥಮಿಕ ಶಿಕ್ಷಣದ ಕಾರ್ಯಕ್ರಮಗಳು ಜಿಲ್ಲಾ ವಲಯಕ್ಕೆ ವರ್ಗವಾದವು. ಜಿಲ್ಲೆಯ ಶಾಲೆಗಳ ಆಯವ್ಯಯವನ್ನು ಚುನಾಯಿತ ಸಂಸ್ಥೆಯ ಮುಂದಿಡುವ ಪದ್ಧತಿ ಇಲ್ಲಿಂದ ಬೆಳೆಯಿತು. 73 ಮತ್ತು 74ನೇ ಸಂವಿಧಾನ ತಿದ್ದುಪಡಿಗಳು 1993ರಲ್ಲಿ ಜಾರಿಗೆ ಬಂದು, 243ಝಡ್‌ಡಿ ಅನುಚ್ಛೇದದ ಮೂಲಕ ಜಿಲ್ಲಾ ಯೋಜನಾ ಸಮಿತಿಗೆ ಅವಕಾಶ ಕಲ್ಪಿಸಿದವು. ಈ ಸಮಿತಿಯ ಸದಸ್ಯರಲ್ಲಿ ಕನಿಷ್ಠ ಐದನೇ ನಾಲ್ಕು ಭಾಗ ಜಿಲ್ಲಾ ಪಂಚಾಯತ್ ಹಾಗೂ ನಗರ ಸ್ಥಳೀಯ ಸಂಸ್ಥೆಗಳ ಚುನಾಯಿತ ಸದಸ್ಯರಿಂದ ಆಯ್ಕೆಯಾದವರಾಗಿರಬೇಕು.

ಇದಕ್ಕೆ ಸಮಾನಾಂತರವಾಗಿ, 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು, ಅಂದರೆ ಡಯಟ್‌ಗಳು ಆರಂಭವಾದವು. ಶಿಕ್ಷಕರ ತರಬೇತಿಯ ಜೊತೆಗೆ ಯೋಜನೆ ಮತ್ತು ನಿರ್ವಹಣೆಗೂ ಇವುಗಳಲ್ಲಿ ಒಂದು ವಿಭಾಗವಿದೆ.

ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ (ಡಿ.ಪಿ.ಇ.ಪಿ.)

ಜಿಲ್ಲೆಯನ್ನೇ ಯೋಜನೆಯ ಘಟಕವಾಗಿ ಸ್ವೀಕರಿಸಿದ ಮೊದಲ ದೊಡ್ಡ ಕಾರ್ಯಕ್ರಮ ಇದು. 1994ರಲ್ಲಿ ದೇಶದ 7 ರಾಜ್ಯಗಳ 42 ಜಿಲ್ಲೆಗಳಲ್ಲಿ ಇದು ಆರಂಭವಾಯಿತು. ಮಹಿಳಾ ಸಾಕ್ಷರತೆ ರಾಷ್ಟ್ರೀಯ ಸರಾಸರಿಗಿಂತ ಕಡಿಮೆ ಇರುವುದು ಆಯ್ಕೆಯ ಪ್ರಮುಖ ಮಾನದಂಡವಾಗಿತ್ತು. ಕರ್ನಾಟಕದಲ್ಲಿ ಮೊದಲ ಹಂತಕ್ಕೆ ಬೆಳಗಾವಿ, ಕೋಲಾರ, ಮಂಡ್ಯ ಮತ್ತು ರಾಯಚೂರು ಜಿಲ್ಲೆಗಳು ಆಯ್ಕೆಯಾದವು. ಎರಡನೇ ಹಂತದಲ್ಲಿ ಇನ್ನಷ್ಟು ಜಿಲ್ಲೆಗಳು ಸೇರಿದವು. ವೆಚ್ಚದಲ್ಲಿ ಕೇಂದ್ರದ ಪಾಲು ಶೇ. 85, ರಾಜ್ಯದ ಪಾಲು ಶೇ. 15 ಆಗಿತ್ತು.

ಈ ಕಾರ್ಯಕ್ರಮದ ಗುರಿಗಳು ಅಳೆಯಬಹುದಾದ ರೀತಿಯಲ್ಲಿದ್ದವು. ಶಾಲೆ ಬಿಡುವವರ ಪ್ರಮಾಣವನ್ನು ಶೇ. 10ಕ್ಕಿಂತ ಕಡಿಮೆ ಮಾಡುವುದು, ಬಾಲಕ-ಬಾಲಕಿಯರ ಹಾಗೂ ಸಾಮಾಜಿಕ ವರ್ಗಗಳ ನಡುವಿನ ಅಂತರವನ್ನು ಶೇ. 5ಕ್ಕಿಂತ ಕೆಳಗಿಳಿಸುವುದು ಅವುಗಳಲ್ಲಿ ಸೇರಿದ್ದವು. ಕಟ್ಟಡ ಕಾಮಗಾರಿಗಳಿಗೆ ವೆಚ್ಚದ ಮಿತಿ ಹಾಕಲಾಗಿತ್ತು. ಯೋಜನೆಯೆಂದರೆ ಕಟ್ಟಡವಷ್ಟೇ ಅಲ್ಲ, ಮಗುವಿನ ಕಲಿಕೆಯೂ ಹೌದು ಎಂಬ ತಿಳಿವಳಿಕೆ ಜಿಲ್ಲಾ ಕಚೇರಿಗಳಿಗೆ ಬಂದದ್ದು ಈ ಅವಧಿಯಲ್ಲಿ. ಕ್ಷೇತ್ರ ಸಂಪನ್ಮೂಲ ಕೇಂದ್ರಗಳು, ಸಮೂಹ ಸಂಪನ್ಮೂಲ ಕೇಂದ್ರಗಳು ಹಾಗೂ ಶಾಲಾವಾರು ಅಂಕಿ-ಅಂಶಗಳ ‘ಡೈಸ್’ ವ್ಯವಸ್ಥೆ ಈ ಕಾರ್ಯಕ್ರಮದ ಕೊಡುಗೆಗಳು.

ಸರ್ವ ಶಿಕ್ಷಣ ಅಭಿಯಾನ ಮತ್ತು ಶಿಕ್ಷಣ ಹಕ್ಕು

2001ರ ವೇಳೆಗೆ ಆರಂಭವಾದ ಸರ್ವ ಶಿಕ್ಷಣ ಅಭಿಯಾನವು ಜಿಲ್ಲಾ ಯೋಜನೆಯನ್ನು ದೇಶದ ಎಲ್ಲ ಜಿಲ್ಲೆಗಳಿಗೆ ವಿಸ್ತರಿಸಿ, ಜನವಸತಿಯನ್ನು ಯೋಜನೆಯ ಮೂಲ ಘಟಕವಾಗಿ ಗುರುತಿಸಿತು. ಮನೆ ಮನೆ ಸಮೀಕ್ಷೆಯ ಮೂಲಕ ಶಾಲೆಯ ಹೊರಗಿರುವ ಮಕ್ಕಳನ್ನು ಲೆಕ್ಕಕ್ಕೆ ತರುವುದು ಕಡ್ಡಾಯವಾಯಿತು. ಅದುವರೆಗೆ ಹಾಜರಿ ಪುಸ್ತಕದಲ್ಲಿದ್ದ ಮಕ್ಕಳನ್ನು ಮಾತ್ರ ಆಧರಿಸಿದ್ದ ಯೋಜನೆ, ಹಾಜರಿ ಪುಸ್ತಕದಲ್ಲಿ ಇಲ್ಲದ ಮಗುವನ್ನೂ ಒಳಗೊಳ್ಳುವಂತಾಯಿತು.

ಇದೇ ಅವಧಿಯಲ್ಲಿ, ಡಾ. ರಾಜಾ ರಾಮಣ್ಣ ಅವರ ನೇತೃತ್ವದ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್.ಡಿ.ಎಂ.ಸಿ.) ರಚನೆಯಾದವು. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಯೋಜನೆಯ ಸ್ವರೂಪವೇ ಬದಲಾಯಿತು. ಅದುವರೆಗೆ ಗುರಿಯಾಗಿದ್ದದ್ದು ಹಕ್ಕಾಯಿತು. 1ರಿಂದ 5ನೇ ತರಗತಿಗೆ 30 ಮಕ್ಕಳಿಗೆ ಒಬ್ಬರು, 6ರಿಂದ 8ನೇ ತರಗತಿಗೆ 35 ಮಕ್ಕಳಿಗೆ ಒಬ್ಬರು ಶಿಕ್ಷಕರು ಎಂಬ ಅನುಪಾತ ಕಾಯಿದೆಯ ಅನುಸೂಚಿಯಲ್ಲಿಯೇ ಸೇರಿತು. 21ನೇ ಪ್ರಕರಣವು ಶಾಲಾ ಸಮಿತಿಯ ಸದಸ್ಯರಲ್ಲಿ ನಾಲ್ಕನೇ ಮೂರು ಭಾಗ ಪೋಷಕರಿರಬೇಕೆಂದೂ ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕೆಂದೂ ವಿಧಿಸಿತು. 22ನೇ ಪ್ರಕರಣವು ಶಾಲಾಭಿವೃದ್ಧಿ ಯೋಜನೆಗೆ ಶಾಸನಬದ್ಧ ಸ್ಥಾನ ನೀಡಿತು.

ಪ್ರೌಢ ಶಿಕ್ಷಣಕ್ಕಾಗಿ 2009ರಲ್ಲಿ ಪ್ರತ್ಯೇಕ ಅಭಿಯಾನ ಆರಂಭವಾಗಿತ್ತು. 2018-19ರಿಂದ ಈ ಎರಡೂ ಅಭಿಯಾನಗಳು ಹಾಗೂ ಶಿಕ್ಷಕರ ಶಿಕ್ಷಣ ಯೋಜನೆ ‘ಸಮಗ್ರ ಶಿಕ್ಷಣ’ ಎಂಬ ಒಂದೇ ಯೋಜನೆಯಲ್ಲಿ ವಿಲೀನವಾದವು. ಕರ್ನಾಟಕದಲ್ಲಿ ಇದರ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯ 60:40ರ ಅನುಪಾತದಲ್ಲಿ ಭರಿಸುತ್ತವೆ.

ಜಿಲ್ಲಾ ಸರಾಸರಿಯ ಮಿತಿ

ಜಿಲ್ಲೆಯ ಸರಾಸರಿ ಅಂಕಿ ಉತ್ತಮವಾಗಿದ್ದರೂ ಅದರೊಳಗಿನ ಒಂದು ತಾಲ್ಲೂಕು ಬಹಳ ಹಿಂದುಳಿದಿರಬಹುದು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ತಾಲ್ಲೂಕನ್ನೇ ಅಳತೆಯ ಘಟಕವಾಗಿ ಇಟ್ಟುಕೊಂಡು, ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಗುರುತಿಸಿತು. ತಾಲ್ಲೂಕಿನ ಸರಾಸರಿಯೂ ಇದೇ ರೀತಿ ಒಂದು ತಾಂಡಾ, ಹಾಡಿ ಅಥವಾ ವಲಸೆ ಕಾರ್ಮಿಕರ ಬಿಡಾರದ ಕೊರತೆಯನ್ನು ಮರೆಮಾಚಬಹುದು. ಕೆಳಹಂತದ ದಾಖಲೆ ಸರಿಯಾಗಿದ್ದರೆ ಮಾತ್ರ ಇಂತಹ ಕೊರತೆ ಯೋಜನೆಯಲ್ಲಿ ಕಾಣಿಸಿಕೊಳ್ಳುತ್ತದೆ.

ಹಳೆಯ ಅಂಕಿಗಳನ್ನು ಹೋಲಿಸುವವರು ಜಿಲ್ಲೆಗಳ ವಿಭಜನೆಯನ್ನು ಗಮನಿಸುವುದು ಅಗತ್ಯ. 1994ರ ರಾಯಚೂರು ಜಿಲ್ಲೆಯಲ್ಲಿ ಇಂದಿನ ಕೊಪ್ಪಳವೂ, ಕೋಲಾರದಲ್ಲಿ ಇಂದಿನ ಚಿಕ್ಕಬಳ್ಳಾಪುರವೂ ಸೇರಿದ್ದವು. ಅಲ್ಲದೆ ಚಿಕ್ಕೋಡಿ, ಶಿರಸಿ ಮತ್ತು ಮಧುಗಿರಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಗಳಾಗಿರುವುದರಿಂದ, ಆ ಭಾಗದ ಅರ್ಜಿದಾರರು ತಮ್ಮ ಶೈಕ್ಷಣಿಕ ಜಿಲ್ಲೆಯ ಉಪನಿರ್ದೇಶಕರ ಕಚೇರಿಯನ್ನು ಸಂಪರ್ಕಿಸಬೇಕಾಗುತ್ತದೆ.

ಯೋಜನೆ ಸಿದ್ಧವಾಗುವ ಹಂತಗಳು

1. ಶಾಲೆ: ಮುಖ್ಯ ಶಿಕ್ಷಕರು ದಾಖಲಾತಿ, ಶಿಕ್ಷಕರು, ಕೊಠಡಿ, ಕುಡಿಯುವ ನೀರು, ಶೌಚಾಲಯ ಮುಂತಾದ ವಿವರಗಳನ್ನು ‘ಯು-ಡೈಸ್ ಪ್ಲಸ್’ ವ್ಯವಸ್ಥೆಯಲ್ಲಿ ದಾಖಲಿಸುತ್ತಾರೆ. 2022-23ರಿಂದ ಪ್ರತಿ ವಿದ್ಯಾರ್ಥಿಯ ವಿವರವನ್ನು ಪ್ರತ್ಯೇಕವಾಗಿ ದಾಖಲಿಸಲಾಗುತ್ತಿದೆ. ಶಾಲಾ ಸಮಿತಿಯು ಶಾಲಾಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುತ್ತದೆ. 2010ರ ಕೇಂದ್ರ ನಿಯಮಗಳ ಪ್ರಕಾರ ಇದು ಮೂರು ವರ್ಷಗಳ ಯೋಜನೆಯಾಗಿದ್ದು, ಮೂರು ವಾರ್ಷಿಕ ಉಪಯೋಜನೆಗಳನ್ನು ಒಳಗೊಂಡಿರುತ್ತದೆ.

2. ಸಮೂಹ ಮತ್ತು ತಾಲ್ಲೂಕು: ಸಮೂಹ ಸಂಪನ್ಮೂಲ ವ್ಯಕ್ತಿಗಳು (ಸಿ.ಆರ್.ಪಿ.) ವಿವರಗಳನ್ನು ಪರಿಶೀಲಿಸಿದ ನಂತರ, ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿ.ಇ.ಓ.) ಕಚೇರಿಯಲ್ಲಿ ಅವುಗಳನ್ನು ಕ್ರೋಡೀಕರಿಸಲಾಗುತ್ತದೆ.

3. ಜಿಲ್ಲೆ: ತಾಲ್ಲೂಕುಗಳ ಬೇಡಿಕೆಗಳನ್ನು ಆದ್ಯತೆಯ ಕ್ರಮದಲ್ಲಿ ಜೋಡಿಸಿ ಜಿಲ್ಲಾ ವಾರ್ಷಿಕ ಕಾರ್ಯಯೋಜನೆ ಮತ್ತು ಆಯವ್ಯಯವನ್ನು ರೂಪಿಸಲಾಗುತ್ತದೆ.

4. ರಾಜ್ಯ ಮತ್ತು ಕೇಂದ್ರ: ಜಿಲ್ಲಾ ಯೋಜನೆಗಳನ್ನು ಆಧರಿಸಿದ ರಾಜ್ಯ ಯೋಜನೆಯನ್ನು ಕೇಂದ್ರ ಶಿಕ್ಷಣ ಸಚಿವಾಲಯದ ಯೋಜನಾ ಅನುಮೋದನಾ ಮಂಡಳಿ ಪರಿಶೀಲಿಸಿ ಅನುಮೋದಿಸುತ್ತದೆ. ಪ್ರಸ್ತಾಪಿಸಿದ ಎಲ್ಲ ಬಾಬುಗಳೂ ಅನುಮೋದನೆಗೊಳ್ಳುವುದಿಲ್ಲ. ಆದ್ದರಿಂದ ಜಿಲ್ಲಾ ಪ್ರಸ್ತಾವನೆಯಲ್ಲಿ ಸೇರ್ಪಡೆಯಾದ ಮಾತ್ರಕ್ಕೆ ಕಾಮಗಾರಿ ಮಂಜೂರಾಗಿದೆ ಎಂದು ಭಾವಿಸತಕ್ಕದ್ದಲ್ಲ.

ನಾಗರಿಕರು ಗಮನಿಸಬೇಕಾದ ಅಂಶಗಳು

• ಬೇಡಿಕೆಯನ್ನು ಮೊದಲು ಶಾಲಾ ಸಮಿತಿಯ ಸಭೆಯಲ್ಲಿ ಮಂಡಿಸಿ, ನಡವಳಿಯಲ್ಲಿ ದಾಖಲಿಸುವುದು ಸೂಕ್ತ. ಹಣಕಾಸು ವರ್ಷ ಮುಗಿಯುವುದಕ್ಕೆ ಸಾಕಷ್ಟು ಮುಂಚಿತವಾಗಿ ಈ ಕಾರ್ಯ ನಡೆಯಬೇಕು.

• ಶಾಲೆಯ ಯು-ಡೈಸ್ ವಿವರದಲ್ಲಿ ಕೊಠಡಿ ಅಥವಾ ಶೌಚಾಲಯ ಸುಸ್ಥಿತಿಯಲ್ಲಿದೆ ಎಂದು ತಪ್ಪಾಗಿ ನಮೂದಾಗಿದ್ದರೆ, ತಿದ್ದುಪಡಿಗಾಗಿ ಮುಖ್ಯ ಶಿಕ್ಷಕರಿಗೆ ಲಿಖಿತವಾಗಿ ತಿಳಿಸಬೇಕು. ದಾಖಲೆಯಲ್ಲಿ ಕೊರತೆ ಇಲ್ಲವೆಂದಿದ್ದಲ್ಲಿ ಅನುದಾನದ ಪ್ರಶ್ನೆಯೇ ಉದ್ಭವಿಸುವುದಿಲ್ಲ.

• ಶಾಲೆಯ ಹೊರಗಿರುವ ಮಗು ಕಂಡುಬಂದಲ್ಲಿ ಸಮೀಪದ ಶಾಲೆ, ಸಿ.ಆರ್.ಪಿ. ಅಥವಾ ಬಿ.ಇ.ಓ. ಕಚೇರಿಗೆ ತಿಳಿಸಬಹುದು. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ.

• ಶಿಕ್ಷಣ ಹಕ್ಕಿಗೆ ಸಂಬಂಧಿಸಿದ ದೂರುಗಳನ್ನು ಕಾಯಿದೆಯ 32ನೇ ಪ್ರಕರಣದ ಅನ್ವಯ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತವಾಗಿ ಸಲ್ಲಿಸಬಹುದು. ಮೂರು ತಿಂಗಳೊಳಗೆ ತೀರ್ಮಾನ ನೀಡಬೇಕಾಗಿದ್ದು, ಅದರ ಮೇಲಿನ ಮೇಲ್ಮನವಿಯನ್ನು ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಸಲ್ಲಿಸಬಹುದು.

• ಯೋಜನೆಯಲ್ಲಿ ತಮ್ಮ ಶಾಲೆಯ ಬೇಡಿಕೆ ಯಾವ ಹಂತದಲ್ಲಿದೆ ಎಂಬುದನ್ನು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಸಲ್ಲಿಸಿ ತಿಳಿಯಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು.

ಮೇಲಿನಿಂದ ಕೆಳಗೆ ಇಳಿದುಬರುತ್ತಿದ್ದ ಯೋಜನೆ ಶಾಲೆಯ ಅಂಗಳದಿಂದ ಆರಂಭವಾಗುವ ಕ್ರಮಕ್ಕೆ ಬರಲು ಹಲವು ದಶಕಗಳು ಬೇಕಾದವು. ಶಾಲಾ ಸಮಿತಿಯ ಸಭೆಗೆ ಪೋಷಕರು ಹಾಜರಾಗಿ, ಕಳುಹಿಸುವ ವಿವರ ವಾಸ್ತವಕ್ಕೆ ಅನುಗುಣವಾಗಿದೆಯೇ ಎಂದು ಖಚಿತಪಡಿಸಿಕೊಂಡಲ್ಲಿ ಮಾತ್ರ ಈ ಕ್ರಮದ ಪ್ರಯೋಜನ ಮಕ್ಕಳಿಗೆ ದೊರೆಯುತ್ತದೆ.