ಹೋರಿ ಹಬ್ಬದ ಚಿತ್ರೀಕರಣ: ಕ್ಯಾಮೆರಾ ಮತ್ತು ಸ್ಟೆಬಿಲೈಸರ್ ಆಯ್ಕೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿಯೂ ನೆರೆಯ ಹಾವೇರಿ ಜಿಲ್ಲೆಯಲ್ಲಿಯೂ ದೀಪಾವಳಿಯ ಆಸುಪಾಸಿನಿಂದ ನಡೆಯುವ ಹೋರಿ ಬೆದರಿಸುವ ಸ್ಪರ್ಧೆಯನ್ನು ಜನ ಹೋರಿ ಹಬ್ಬವೆಂದೇ ಕರೆಯುತ್ತಾರೆ. ಕೊರಳಿಗೆ ಒಣಕೊಬ್ಬರಿಯ ಸರ, ಕೊಂಬಿಗೆ ಬಲೂನು, ಮೈಮೇಲೆ ಜೂಲ ತೊಟ್ಟ ಹೋರಿಯನ್ನು ಜನರ ನಡುವಿನ ಅಖಾಡದಲ್ಲಿ ಓಡಬಿಡುತ್ತಾರೆ. ಹಿಡಿಯುವವರು ಕೊಬ್ಬರಿ ಹರಿಯಲು ನುಗ್ಗುತ್ತಾರೆ. ಶಿಕಾರಿಪುರ ತಾಲ್ಲೂಕಿನ ತೊಗರ್ಸಿ ಸೀಮೆಯಂಥ ಹಳ್ಳಿಗಾಡಿನಲ್ಲಿ ಇದನ್ನು ಚಿತ್ರೀಕರಿಸಲು ಮದುವೆ, ಗೃಹಪ್ರವೇಶಗಳಿಗೆ ಬಳಸುವ ಸಲಕರಣೆಯನ್ನೇ ತರುವುದು ಸಹಜ. ಆದರೆ ಮಂಟಪದಲ್ಲಿ ಚೆನ್ನಾಗಿ ನಡೆಯುವ ಸಲಕರಣೆ ಅಖಾಡದಲ್ಲಿ ಸೋಲುತ್ತದೆ. ಕೊರತೆಯಿಲ್ಲದ ಕ್ಯಾಮೆರಾ ಯಾವುದೂ ಇಲ್ಲ. ಹಾಗಾಗಿ ಚಿತ್ರಗ್ರಾಹಕ ಎಲ್ಲಿ ನಿಲ್ಲಬಹುದು ಎಂಬುದನ್ನು ಮೊದಲು ತೀರ್ಮಾನಿಸಿ, ಆ ಜಾಗದಲ್ಲಿ ಯಾವ ಕೊರತೆಯನ್ನು ಸಹಿಸಿಕೊಳ್ಳಬಹುದೆಂದು ನೋಡಿ ಸಲಕರಣೆ ಆರಿಸುವುದೇ ಸರಿಯಾದ ಕ್ರಮ.

ಅಖಾಡದ ಒಳಗೆ ನಿಲ್ಲುವುದು ಅಪಾಯ. ಹೋರಿ ತಿವಿದು ಪ್ರೇಕ್ಷಕರು ಸತ್ತ ಪ್ರಸಂಗಗಳು ಈ ಭಾಗದಲ್ಲಿ ವರದಿಯಾಗಿವೆ. ಕಣ್ಣನ್ನು ಪರದೆಗೆ ಕೊಟ್ಟವನಿಗೆ ಪಕ್ಕದಿಂದ ಬರುವ ಹೋರಿ ಕಾಣುವುದಿಲ್ಲ. ಉಳಿಯುವುದು ಮನೆಯ ತಾರಸಿ, ಟ್ರ್ಯಾಕ್ಟರ್ ಟ್ರೇಲರ್, ಬೇಲಿಯ ಹೊರಗಿನ ದಿಬ್ಬ. ಅಲ್ಲಿಂದ ಕೊಬ್ಬರಿ ಹರಿದ ಕೈ ಕಾಣಬೇಕಾದರೆ ಉದ್ದ ಜೂಮ್ ಬೇಕು. ಜೂಮ್ ಹೆಚ್ಚಿದಷ್ಟೂ ಕೈನಡುಕ ದೊಡ್ಡದಾಗಿ ಕಾಣುತ್ತದೆ. ಸೆನ್ಸರ್ ದೊಡ್ಡದಾದಷ್ಟೂ ಅಷ್ಟೇ ಜೂಮ್ ಕೊಡುವ ಲೆನ್ಸ್ ಭಾರವಾಗುತ್ತದೆ. ಸೋನಿಯ ಎಎಕ್ಸ್53 ಕ್ಯಾಮ್‌ಕಾರ್ಡರ್‌ನಲ್ಲಿ 20 ಪಟ್ಟು ಜೂಮ್ ಇದೆ, ಸೆನ್ಸರ್ ಚಿಕ್ಕದು. ಅದೇ ಕಂಪನಿಯ ಎಎಕ್ಸ್100ರಲ್ಲಿ ಒಂದು ಇಂಚು ವರ್ಗದ ಸೆನ್ಸರ್ ಇದೆ, ಜೂಮ್ 12 ಪಟ್ಟು ಮಾತ್ರ. ಹಗಲಿನ ಸ್ಪರ್ಧೆಗೆ ಮೊದಲನೆಯ ಬಗೆ ಸಾಕು. ಹೊತ್ತು ಮುಳುಗುವವರೆಗೂ ಆಟ ನಡೆಯುವಲ್ಲಿ ಎರಡನೆಯದು ಮೇಲು.

ಕ್ಯಾಮೆರಾವನ್ನು ಮೋಟಾರುಗಳಿಂದ ಸ್ಥಿರವಾಗಿಡುವ ಗಿಂಬಲ್ ಇದ್ದರೆ ನಡುಕದ ಚಿಂತೆಯೇ ಇಲ್ಲವೆಂಬ ವಾದ ಪೂರ್ತಿ ನಿಜವಲ್ಲ. ಗಿಂಬಲ್‌ನ ಮೂರು ಮೋಟಾರುಗಳು ಕ್ಯಾಮೆರಾ ತಿರುಗುವುದನ್ನು, ವಾಲುವುದನ್ನು ತಡೆಯುತ್ತವೆ. ಹೆಜ್ಜೆಯಿಟ್ಟಾಗಿನ ಮೇಲೆ-ಕೆಳಗಿನ ಕುಲುಕಾಟವನ್ನು ತಡೆಯುವುದಿಲ್ಲ. ಅಮೆರಿಕದ ಗ್ಯಾರೆಟ್ ಬ್ರೌನ್ ರೂಪಿಸಿದ, 1976ರ ‘ಬೌಂಡ್ ಫಾರ್ ಗ್ಲೋರಿ’ ಚಿತ್ರದಲ್ಲಿ ಬಳಕೆಯಾದ ಸ್ಟೆಡಿಕ್ಯಾಮ್‌ನಲ್ಲಿ ಆ ಕೆಲಸಕ್ಕೆ ಸ್ಪ್ರಿಂಗಿನ ತೋಳೇ ಬೇರೆಯಾಗಿದೆ. ಲೆನ್ಸ್ ಬದಲಿಸಿದಾಗ, ಜೂಮ್ ಮಾಡಿದಾಗ ಉದ್ದವಾಗುವ ಲೆನ್ಸನ್ನು ಹೊರಗೆಳೆದಾಗ ಗಿಂಬಲ್‌ನ ತೂಕದ ಸಮತೋಲ ತಪ್ಪುತ್ತದೆ. ಇನ್ನೊಂದು ತೊಡಕು ಅಖಾಡಕ್ಕೇ ಸಂಬಂಧಿಸಿದ್ದು. ಚಲನೆಯನ್ನು ನಯವಾಗಿಸಲು ಗಿಂಬಲ್ ಕೈಯನ್ನು ತುಸು ತಡವಾಗಿ ಹಿಂಬಾಲಿಸುತ್ತದೆ. ಹೋರಿ ತಟ್ಟನೆ ಪಕ್ಕಕ್ಕೆ ಹೊರಳಿದರೆ ಚೌಕಟ್ಟಿನಿಂದ ಹೊರಗಾಗುತ್ತದೆ. ಒಂಟಿಕಾಲಿನ ಮಾನೋಪಾಡ್ ಮೇಲಿನ ಕ್ಯಾಮೆರಾವನ್ನು ಕೈ ತಿರುಗಿಸಿದಷ್ಟೇ ವೇಗವಾಗಿ ತಿರುಗಿಸಬಹುದು, ನೂಕುನುಗ್ಗಲಿನಲ್ಲಿ ಅದಕ್ಕೆ ಒಂದು ಅಡಿ ಜಾಗವೂ ಬೇಡ. ತಾರಸಿಯ ಮೇಲಾದರೆ ಫ್ಲೂಯಿಡ್ ಹೆಡ್ ಇರುವ ಟ್ರೈಪಾಡ್ ಇನ್ನೂ ಒಳ್ಳೆಯದು.

ಮೊಬೈಲ್ ಮತ್ತು ಆಕ್ಷನ್ ಕ್ಯಾಮೆರಾಗಳ ಎಲೆಕ್ಟ್ರಾನಿಕ್ ಸ್ಥಿರೀಕರಣವೇ ಸಾಕೆಂಬುದು ಮತ್ತೊಂದು ವಾದ. ಈ ವಿಧಾನ ಚಿತ್ರದ ಅಂಚುಗಳನ್ನು ಕತ್ತರಿಸಿ ಫ್ರೇಮುಗಳನ್ನು ಒಂದಕ್ಕೊಂದು ಹೊಂದಿಸುತ್ತದೆ. ಫ್ರೇಮಿನೊಳಗೆ ಆಗಲೇ ಮೂಡಿದ ಮಸುಕನ್ನು ತೆಗೆಯಲಾರದು. ಹೋರಿ ಸೆಕೆಂಡಿಗೆ 10 ಮೀಟರ್ ಓಡುತ್ತದೆಂದು ಇಟ್ಟುಕೊಂಡರೆ, 1/50 ಸೆಕೆಂಡಿನ ಶಟರ್ ತೆರೆದಿರುವಾಗ ಅದು 20 ಸೆಂಟಿಮೀಟರ್ ಸರಿದಿರುತ್ತದೆ. ಕೊಬ್ಬರಿಯ ಬಟ್ಟಲು ಗೆರೆಯಾಗಿ ಕಾಣುತ್ತದೆ. 1/500ರಲ್ಲಿ ಆ ಸರಿತ 2 ಸೆಂಟಿಮೀಟರಿಗೆ ಇಳಿಯುತ್ತದೆ, ಆದರೆ ಹತ್ತು ಪಟ್ಟು ಬೆಳಕು ಬೇಕಾಗುತ್ತದೆ. ಸಂಜೆ ಹಾಕುವ ದೀಪಗಳ ಕೆಳಗೆ ಅಷ್ಟು ಬೆಳಕು ಸಿಗದು; ಜೊತೆಗೆ ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಹಲವು ದೀಪಗಳು ಆ ವೇಗಕ್ಕೆ ಮಿನುಗುತ್ತವೆ. ಆಗ 1/100ಕ್ಕೆ ಇಳಿದು, ಜೂಮ್ ತಗ್ಗಿಸಿ, ಅಗಲ ದೃಶ್ಯಕ್ಕೆ ತೃಪ್ತಿಪಡುವುದೇ ಜಾಣತನ. ಹೋರಿಯ ಪೂಜೆ, ಸಿಂಗಾರ, ಅಖಾಡಕ್ಕೆ ಬರುವ ಮೆರವಣಿಗೆಗಳಿಗೆ ಮೊಬೈಲ್ ಮತ್ತು ಗಿಂಬಲ್ ಜೋಡಿ ನಿಜಕ್ಕೂ ಒಪ್ಪುತ್ತದೆ, ಏಕೆಂದರೆ ಅಲ್ಲಿ ಹತ್ತಿರ ಹೋಗಬಹುದು, ನಿಧಾನವಾಗಿ ನಡೆಯಬಹುದು.

ಇಡೀ ದಿನದ ಆಟಕ್ಕೆ ಕಾರ್ಡು, ಬ್ಯಾಟರಿಗಳ ಲೆಕ್ಕವೂ ಮುಖ್ಯ. ಸೆಕೆಂಡಿಗೆ 100 ಮೆಗಾಬಿಟ್ ದರದ 4ಕೆ ವಿಡಿಯೊ ಗಂಟೆಗೆ ಸುಮಾರು 45 ಜಿಬಿ ತುಂಬುತ್ತದೆ. 50 ಮೆಗಾಬಿಟ್ ದರದಲ್ಲಿ ಪೂರ್ಣ ಎಚ್‌ಡಿ, ಸೆಕೆಂಡಿಗೆ 50 ಫ್ರೇಮ್ ತೆಗೆದರೆ ಅದರ ಅರ್ಧ ಸಾಕು, ಓಟವೂ ನಯವಾಗಿ ಕಾಣುತ್ತದೆ. ಹಲವು ಸ್ಟಿಲ್ ಕ್ಯಾಮೆರಾಗಳು ಅರ್ಧ ಗಂಟೆಯೊಳಗೆ ವಿಡಿಯೊ ನಿಲ್ಲಿಸುತ್ತವೆ. ಕ್ಯಾಮ್‌ಕಾರ್ಡರಿಗೆ ಆ ಕಟ್ಟುಪಾಡಿಲ್ಲ. ಹಿನ್ನೆಲೆ ಮಸುಕಾದ ಸಿನಿಮಾ ಸೊಬಗು ಅದರಲ್ಲಿ ಬಾರದೆಂಬುದು ನಿಜ. ಆದರೆ ಹೋರಿ ಹಬ್ಬದ ದಾಖಲೆಯಲ್ಲಿ ಹಿನ್ನೆಲೆಯ ಜನವೂ ವಿಷಯದ ಭಾಗವೇ. ಹಣ ಒಂದಕ್ಕೇ ಇದ್ದರೆ ಜೂಮ್ ಇರುವ ಕ್ಯಾಮ್‌ಕಾರ್ಡರ್ ಮತ್ತು ಮಾನೋಪಾಡ್ ಮೊದಲು, ಗಿಂಬಲ್ ಆಮೇಲೆ.