ಗಾಲ್ಫ್ ಪಂದ್ಯಾವಳಿಗಳಲ್ಲಿ ಸ್ವಿಂಗ್ ವೀಕ್ಷಣೆ

ವೃತ್ತಿಪರ ಗಾಲ್ಫ್ ಪಂದ್ಯಾವಳಿಗಳಿಗೆ ತೆರಳುವ ಹವ್ಯಾಸಿ ಆಟಗಾರರು ಅಲ್ಲಿನ ನಿಪುಣರ ಹೊಡೆತದ ಕ್ರಮವನ್ನು ಹತ್ತಿರದಿಂದ ನೋಡಿ ಅಭ್ಯಸಿಸುವ ರೂಢಿಯನ್ನು ಸ್ವಿಂಗ್ ವೀಕ್ಷಣೆ ಎನ್ನಬಹುದು. ಕ್ಲಬ್ ಎಂದು ಕರೆಯಲಾಗುವ ಕೋಲನ್ನು ಹಿಂದಕ್ಕೆತ್ತಿ, ಕೆಳಗಿಳಿಸಿ, ಚೆಂಡನ್ನು ಹೊಡೆದು, ಭುಜದಾಚೆಗೆ ಬೀಸಿ ನಿಲ್ಲಿಸುವ ಇಡೀ ಚಲನೆಗೆ ಸ್ವಿಂಗ್ ಎಂದು ಹೆಸರು. ಕ್ರಿಕೆಟ್‌ನಲ್ಲಿ ಪ್ರೇಕ್ಷಕರು ಬೌಂಡರಿಯ ಆಚೆ ದೂರದಲ್ಲಿ ಕುಳಿತಿರುತ್ತಾರೆ. ಗಾಲ್ಫ್‌ನಲ್ಲಾದರೋ ಹಗ್ಗದ ಬೇಲಿಯ ಪಕ್ಕದಲ್ಲೇ ನಿಂತು, ಆಟಗಾರನಿಂದ ಕೆಲವೇ ಮೀಟರ್ ಅಂತರದಲ್ಲಿ ಆಟವನ್ನು ನೋಡಬಹುದು. ಗಾಲ್ಫ್ ಪ್ರೇಕ್ಷಕರ ಸಮೂಹವನ್ನು ಗ್ಯಾಲರಿ ಎಂದು ಕರೆಯುವುದು ವಾಡಿಕೆ.

ಹಿನ್ನೆಲೆ

ಹಿಂದಿನ ಕಾಲದಲ್ಲಿ ಪ್ರೇಕ್ಷಕರು ಆಟಗಾರರ ಬೆನ್ನಹಿಂದೆಯೇ ಮೈದಾನದೊಳಗೆ ನಡೆದು ಹೋಗುತ್ತಿದ್ದರು. 1954ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಬಾಲ್ಟಸ್ರಾಲ್‌ನಲ್ಲಿ ನಡೆದ ಯು.ಎಸ್. ಓಪನ್‌ನಲ್ಲಿ ಮೈದಾನದ ಉದ್ದಕ್ಕೂ ಹಗ್ಗ ಕಟ್ಟಿ ಪ್ರೇಕ್ಷಕರಿಗೆ ಪ್ರತ್ಯೇಕ ಜಾಗ ಗುರುತಿಸಲಾಯಿತು. ಅದೇ ಪಂದ್ಯಾವಳಿ ಅಮೆರಿಕದಾದ್ಯಂತ ದೂರದರ್ಶನದಲ್ಲಿ ಪ್ರಸಾರವಾದ ಮೊದಲ ಯು.ಎಸ್. ಓಪನ್ ಕೂಡ ಆಗಿದೆ.

ಬರಿಗಣ್ಣಿಗೆ ನಿಲುಕದ ಈ ಚಲನೆಯನ್ನು ಚಿತ್ರದಲ್ಲಿ ಹಿಡಿಯುವ ಯತ್ನವೂ ಹಳೆಯದು. 1938ರಲ್ಲಿ ಹೆರಾಲ್ಡ್ ಎಡ್ಜರ್ಟನ್ ಅವರು ಮಿನುಗುವ ಬೆಳಕಿನ ತಂತ್ರದಿಂದ ಡೆನ್ಸ್‌ಮೋರ್ ಶೂಟ್ ಎಂಬ ಆಟಗಾರನ ಸ್ವಿಂಗನ್ನು ಒಂದೇ ಛಾಯಾಚಿತ್ರದಲ್ಲಿ ಅನೇಕ ಹಂತಗಳಾಗಿ ಸೆರೆಹಿಡಿದರು. 1957ರಲ್ಲಿ ಪ್ರಕಟವಾದ ಬೆನ್ ಹೋಗನ್ ಅವರ 'ಫೈವ್ ಲೆಸನ್ಸ್' ಕೃತಿಯು ಸ್ವಿಂಗ್‌ನ ಮೂಲತತ್ತ್ವಗಳನ್ನು ರೇಖಾಚಿತ್ರಗಳೊಡನೆ ವಿವರಿಸಿತು. ಚೆಂಡಿನಿಂದ ಭುಜದವರೆಗೆ ಓರೆಯಾಗಿ ಇಟ್ಟ ಗಾಜಿನ ಹಲಗೆಯ ಕಲ್ಪನೆಯ ಮೂಲಕ ಕೋಲು ಸಾಗುವ ಸಮತಲವನ್ನು ಹೋಗನ್ ಅದರಲ್ಲಿ ತೋರಿಸಿಕೊಟ್ಟರು.

ಸ್ವಿಂಗ್‌ನ ಹಂತಗಳು

ವೀಕ್ಷಕರು ಸ್ವಿಂಗನ್ನು ಸಾಮಾನ್ಯವಾಗಿ ಹೀಗೆ ವಿಂಗಡಿಸಿ ನೋಡುತ್ತಾರೆ:

• ಅಡ್ರೆಸ್: ಹಿಡಿತ, ಪಾದಗಳ ಅಂತರ, ಬೆನ್ನಿನ ಬಾಗು, ಚೆಂಡು ಇರುವ ಸ್ಥಾನ ಇವು ನಿರ್ಧಾರವಾಗುವ ಆರಂಭದ ನಿಲುವು.
• ಬ್ಯಾಕ್‌ಸ್ವಿಂಗ್: ಭುಜಗಳು ತಿರುಗಿ ಕೋಲು ಮೇಲೇರುವ ಹಂತ.
• ಡೌನ್‌ಸ್ವಿಂಗ್: ಕೋಲು ಚೆಂಡಿನತ್ತ ಇಳಿಯುವ ಹಂತ.
• ಇಂಪ್ಯಾಕ್ಟ್: ಕೋಲಿನ ತಲೆ ಚೆಂಡನ್ನು ತಾಕುವ ಕ್ಷಣ.
• ಫಾಲೋ ಥ್ರೂ: ಹೊಡೆತದ ನಂತರ ದೇಹ ಗುರಿಯತ್ತ ತಿರುಗಿ ಸಮತೋಲನದಲ್ಲಿ ನಿಲ್ಲುವ ಹಂತ.

ನುರಿತ ಆಟಗಾರರಲ್ಲಿ ಡೌನ್‌ಸ್ವಿಂಗ್ ಕೆಳಗಿನಿಂದ ಮೇಲಕ್ಕೆ ಆರಂಭವಾಗುತ್ತದೆ. ಮೊದಲು ಸೊಂಟ, ಬಳಿಕ ಎದೆ, ಆಮೇಲೆ ತೋಳುಗಳು, ಕೊನೆಗೆ ಕೋಲು ವೇಗ ಪಡೆಯುತ್ತವೆ. ಹೊಸಬರಲ್ಲಿ ಇದು ಹಲವೊಮ್ಮೆ ತಿರುಗುಮುರುಗಾಗಿ, ತೋಳುಗಳೇ ಮುಂದಾಗುತ್ತವೆ. ಇಬ್ಬರಿಗೂ ಬಲ ಸಮನಾಗಿದ್ದರೂ ಚೆಂಡು ಸಾಗುವ ದೂರದಲ್ಲಿ ಅಂತರ ಬೀಳಲು ಇದೊಂದು ಮುಖ್ಯ ಕಾರಣ.

ಕಣ್ಣಿಗೆ ಕಾಣುವುದು, ಕಾಣದಿರುವುದು

ವೃತ್ತಿಪರ ಆಟಗಾರರ ಪೂರ್ಣ ಸ್ವಿಂಗ್‌ನಲ್ಲಿ ಕೋಲು ಮೇಲೇರಲು ಸುಮಾರು ಮುಕ್ಕಾಲು ಸೆಕೆಂಡ್, ಚೆಂಡಿನವರೆಗೆ ಇಳಿಯಲು ಸುಮಾರು ಕಾಲು ಸೆಕೆಂಡ್ ಹಿಡಿಯುತ್ತದೆ. ಅಂದರೆ ಅನುಪಾತವು 3:1ರ ಆಸುಪಾಸಿನಲ್ಲಿರುತ್ತದೆ. ಕೋಲು ಮತ್ತು ಚೆಂಡಿನ ಸ್ಪರ್ಶ ಸುಮಾರು 0.0005 ಸೆಕೆಂಡ್ ಮಾತ್ರ. ಹೀಗಾಗಿ ತಾಕುವ ಕ್ಷಣವನ್ನು ಯಾವ ವೀಕ್ಷಕನೂ ಬರಿಗಣ್ಣಿನಿಂದ ಕಾಣಲಾರ. ಚೆಂಡು ಹಾರಿದ ದಿಕ್ಕು ಮತ್ತು ಅದು ಬಾಗಿದ ಪರಿಯಿಂದ ಆ ಕ್ಷಣದಲ್ಲಿ ಏನಾಯಿತೆಂಬುದನ್ನು ಊಹಿಸಬೇಕಾಗುತ್ತದೆ. ಚೆಂಡು ಹೊರಡುವ ದಿಕ್ಕನ್ನು ಬಹುಮಟ್ಟಿಗೆ ಕೋಲಿನ ಮುಖ ನೋಡುತ್ತಿರುವ ದಿಕ್ಕು ನಿರ್ಧರಿಸಿದರೆ, ಆ ಮುಖಕ್ಕೂ ಕೋಲು ಸಾಗುವ ಪಥಕ್ಕೂ ಇರುವ ವ್ಯತ್ಯಾಸವು ಚೆಂಡಿನ ಬಾಗುವಿಕೆಗೆ ಕಾರಣವಾಗುತ್ತದೆ.

ನೇರ ವೀಕ್ಷಣೆಯಿಂದ ಚೆನ್ನಾಗಿ ತಿಳಿಯುವುದು ಲಯ, ಸಮತೋಲನ, ಹೊಡೆತದ ಪೂರ್ವಸಿದ್ಧತೆ ಹಾಗೂ ಕೋಲಿನ ಆಯ್ಕೆ. ದಕ್ಷಿಣ ಆಫ್ರಿಕಾದ ಎರ್ನಿ ಎಲ್ಸ್ ಅವರಿಗೆ 'ಬಿಗ್ ಈಸಿ' ಎಂಬ ಅಡ್ಡಹೆಸರಿದ್ದು, ಅವರ ಎತ್ತರದ ಮೈಕಟ್ಟಿಗೂ ನಿರಾಯಾಸವಾಗಿ ಕಾಣುವ ಸ್ವಿಂಗ್‌ಗೂ ಅದು ಚೆನ್ನಾಗಿ ಒಪ್ಪುತ್ತದೆ. ಬಹುಮಂದಿ ನೋಡುಗರು ಕೋಲು ತಾಕಿದೊಡನೆ ಚೆಂಡಿನ ಬೆನ್ನುಹತ್ತಿ ಆಕಾಶ ನೋಡುತ್ತಾರೆ. ಕಲಿಯಬಯಸುವವರು ಕೆಲವು ಹೊಡೆತಗಳಲ್ಲಾದರೂ ಚೆಂಡನ್ನು ಬಿಟ್ಟು, ಆಟಗಾರನ ಪಾದ, ಸೊಂಟ ಅಥವಾ ತಲೆ ಇವುಗಳಲ್ಲಿ ಒಂದನ್ನೇ ಗಮನಿಸುವುದು ಉಪಯುಕ್ತ.

ವೀಕ್ಷಣೆಯ ಸ್ಥಳ

ಪಂದ್ಯಾವಳಿಗಳು ಸಾಮಾನ್ಯವಾಗಿ ಗುರುವಾರದಿಂದ ಭಾನುವಾರದವರೆಗೆ ನಾಲ್ಕು ದಿನ, ಒಟ್ಟು 72 ಕುಳಿಗಳಿಗೆ ನಡೆಯುತ್ತವೆ. ಅದಕ್ಕೆ ಮುಂಚಿನ ದಿನಗಳು ಅಭ್ಯಾಸಕ್ಕೆ ಮೀಸಲು. ಸ್ವಿಂಗ್ ಅಭ್ಯಸಿಸುವವರಿಗೆ ಸ್ಪರ್ಧೆಯ ದಿನಗಳಿಗಿಂತ ಈ ದಿನಗಳೇ ಹೆಚ್ಚು ಅನುಕೂಲ. ಅಭ್ಯಾಸದ ಅಂಗಳದಲ್ಲಿ ಒಬ್ಬನೇ ಆಟಗಾರ ಒಂದೇ ಜಾಗದಲ್ಲಿ ನಿಂತು ಹತ್ತಾರು ಚೆಂಡು ಹೊಡೆಯುತ್ತಾನೆ. ಅನೇಕರು ಗಿಡ್ಡ ಕೋಲುಗಳಿಂದ ತೊಡಗಿ ಉದ್ದನೆಯ ಡ್ರೈವರ್‌ವರೆಗೆ ಸಾಗುತ್ತಾರೆ. ದಿಕ್ಕು ಸರಿನೋಡಿಕೊಳ್ಳಲು ನೆಲದ ಮೇಲೆ ಕಡ್ಡಿ ಇಟ್ಟುಕೊಳ್ಳುವುದೂ ಸಾಮಾನ್ಯ ದೃಶ್ಯ.

ನಿಲ್ಲುವ ಕೋನಗಳು ಮುಖ್ಯವಾಗಿ ಎರಡು. ಆಟಗಾರನಿಗೆ ಎದುರಾಗಿ ನಿಂತರೆ ಚೆಂಡಿನ ಸ್ಥಾನ, ದೇಹದ ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಸರಿಯುವುದು, ತಲೆಯ ಚಲನೆ ಕಾಣುತ್ತವೆ. ಗುರಿರೇಖೆಯ ಹಿಂದೆ ನಿಂತರೆ ಬೆನ್ನಿನ ಬಾಗು, ಕೋಲಿನ ಸಮತಲ ಮತ್ತು ಚೆಂಡಿನ ಹಾರಾಟ ತಿಳಿಯುತ್ತವೆ. ಈ ಕೋನ ತುಸು ಓರೆಯಾದರೂ ಸಮತಲವು ಇದ್ದದ್ದಕ್ಕಿಂತ ನಿಡಿದಾಗಿಯೋ ಚಪ್ಪಟೆಯಾಗಿಯೋ ತೋರಿ ತಪ್ಪು ನಿರ್ಣಯಕ್ಕೆ ದಾರಿಯಾಗುತ್ತದೆ. ಮೊಬೈಲ್ ಕ್ಯಾಮೆರಾಗಳು ಚಿತ್ರವನ್ನು ಸಾಲುಸಾಲಾಗಿ ದಾಖಲಿಸುವುದರಿಂದ ವೇಗವಾಗಿ ಚಲಿಸುವ ಕೋಲು ಬಿಲ್ಲಿನಂತೆ ಬಾಗಿದ ಹಾಗೆ ಕಾಣುವುದುಂಟು. ಅದನ್ನು ನಿಜವಾದ ಬಾಗುವಿಕೆಯೆಂದು ಭಾವಿಸಬಾರದು.

ಅನುಕರಣೆಯ ಮಿತಿ

ನೋಡಿದ್ದನ್ನೆಲ್ಲ ಅನುಕರಿಸುವುದು ಹಿತವಲ್ಲ. ಅಮೆರಿಕದ ಜಿಮ್ ಫ್ಯೂರಿಕ್ ಅವರ ಕೋಲು ಮೇಲೇರುವಾಗ ಒಂದು ದಾರಿ, ಇಳಿಯುವಾಗ ಮತ್ತೊಂದು ದಾರಿ ಹಿಡಿದು ಕುಣಿಕೆಯಂತೆ ಸುತ್ತುತ್ತದೆ. ಪಠ್ಯಪುಸ್ತಕಕ್ಕೆ ಹೊಂದದ ಈ ಸ್ವಿಂಗ್‌ನಿಂದಲೇ ಅವರು 2003ರ ಯು.ಎಸ್. ಓಪನ್ ಗೆದ್ದರು, 2016ರಲ್ಲಿ ಪಿಜಿಎ ಟೂರ್‌ನ ಒಂದು ಸುತ್ತನ್ನು 58 ಹೊಡೆತಗಳಲ್ಲಿ ಮುಗಿಸಿದರು. ಹೊರನೋಟಕ್ಕೆ ಸ್ವಿಂಗ್‌ಗಳು ಬೇರೆಬೇರೆಯಾಗಿದ್ದರೂ ಚೆಂಡನ್ನು ತಾಕುವ ಕ್ಷಣದಲ್ಲಿ ಉತ್ತಮ ಆಟಗಾರರೆಲ್ಲರ ಸ್ಥಿತಿಯಲ್ಲಿ ಸಾಕಷ್ಟು ಹೋಲಿಕೆಯಿರುತ್ತದೆ. ವೃತ್ತಿಪರರ ದೇಹದ ಮಣಿತ ಮತ್ತು ಬಲ ವರ್ಷಗಳ ವ್ಯಾಯಾಮದ ಫಲ. ಅವರ ಸೊಂಟದ ರಭಸವನ್ನು ಮಧ್ಯವಯಸ್ಸಿನ ಹವ್ಯಾಸಿಗಳು ಸಿದ್ಧತೆಯಿಲ್ಲದೆ ಅನುಕರಿಸಿದರೆ ಬೆನ್ನಿಗೆ ಪೆಟ್ಟಾಗುವ ಸಂಭವವಿದೆ. ನಿಲುವು, ಹಿಡಿತ, ಲಯ ಮತ್ತು ಪೂರ್ವಸಿದ್ಧತೆಗಳನ್ನಾದರೋ ಯಾವ ವಯಸ್ಸಿನವರೂ ಅಳವಡಿಸಿಕೊಳ್ಳಬಹುದು.

ಶಿಷ್ಟಾಚಾರ ಮತ್ತು ಸುರಕ್ಷತೆ

ಆಟಗಾರ ಚೆಂಡಿನ ಬಳಿ ಸಜ್ಜಾದ ಮೇಲೆ ಪ್ರೇಕ್ಷಕರು ಮಾತನಾಡದೆ, ಅಲುಗಾಡದೆ ನಿಲ್ಲಬೇಕು. 1934ರಲ್ಲಿ ಆರಂಭವಾದ, ಜಾರ್ಜಿಯಾದ ಆಗಸ್ಟಾದಲ್ಲಿ ನಡೆಯುವ ಮಾಸ್ಟರ್ಸ್ ಪಂದ್ಯಾವಳಿಯಲ್ಲಿ ಪ್ರೇಕ್ಷಕರನ್ನು ಪೇಟ್ರನ್ ಎಂದು ಕರೆಯಲಾಗುತ್ತದೆ. ಅಲ್ಲಿ ಓಡುವುದಕ್ಕೂ ಮೊಬೈಲ್ ಒಯ್ಯುವುದಕ್ಕೂ ಅವಕಾಶವಿಲ್ಲ. ಕ್ಯಾಮೆರಾಗಳಿಗೆ ಅಭ್ಯಾಸದ ದಿನಗಳಲ್ಲಿ ಮಾತ್ರ ಅನುಮತಿಯಿದೆ.

ಗಾಲ್ಫ್ ಚೆಂಡಿನ ತೂಕ 46 ಗ್ರಾಂಗೂ ಕಡಿಮೆ. ಆದರೂ ಅದರ ವೇಗ ಅಪಾಯಕಾರಿ. 2018ರಲ್ಲಿ ಪ್ಯಾರಿಸ್ ಸಮೀಪ ನಡೆದ ರೈಡರ್ ಕಪ್‌ನಲ್ಲಿ ಚೆಂಡು ತಗುಲಿ ಪ್ರೇಕ್ಷಕರೊಬ್ಬರು ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡರು. 'ಫೋರ್' ಎಂಬ ಕೂಗು ಕೇಳಿದೊಡನೆ ಚೆಂಡು ಎಲ್ಲಿದೆಯೆಂದು ತಲೆಯೆತ್ತಿ ಹುಡುಕದೆ, ಬಾಗಿ ತಲೆಯನ್ನು ಕೈಗಳಿಂದ ಮುಚ್ಚಿಕೊಳ್ಳಬೇಕು.

ಭಾರತ ಮತ್ತು ಕರ್ನಾಟಕದಲ್ಲಿ

ನೋಡಿ ಕಲಿತವರಿಗೆ ಭಾರತದಲ್ಲಿ ಪ್ರಸಿದ್ಧ ಉದಾಹರಣೆ ಎಸ್.ಎಸ್.ಪಿ. ಚೌರಾಸಿಯಾ. ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್‌ನಲ್ಲಿ ಹುಲ್ಲುಹಾಸಿನ ಪಾಲಕರಾಗಿದ್ದವರ ಮಗನಾದ ಇವರು ಅಲ್ಲಿ ಆಡುವವರನ್ನು ಗಮನಿಸುತ್ತಲೇ ಆಟ ಕಲಿತು, 2016 ಮತ್ತು 2017ರಲ್ಲಿ ಇಂಡಿಯನ್ ಓಪನ್ ಗೆದ್ದರು.

ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿ ಸ್ಥಾಪನೆಯಾಯಿತು. 2012ರ ಇಂಡಿಯನ್ ಓಪನ್ ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ ನಡೆದು, ಥಾಯ್ಲೆಂಡ್‌ನ ಥಾವರ್ನ್ ವಿರಾಚಾಂತ್ ವಿಜೇತರಾದರು. ಅದೇ ಮೈದಾನದ ಅಭ್ಯಾಸದ ಅಂಗಳವನ್ನು ಬಾಲ್ಯದಲ್ಲಿ ಸಮೀಪದ ಉಪಾಹಾರ ಗೃಹದಿಂದ ಕಂಡು ಆಟದತ್ತ ಆಕರ್ಷಿತರಾದ ಬೆಂಗಳೂರಿನ ಅದಿತಿ ಅಶೋಕ್, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದರು.