ಹೂವಿಗೆ ಬರುವ ಕೀಟ: ಚಿತ್ರ ತೆಗೆದು ಗುರುತಿಸುವ ಬಗೆ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗ ತೊಗರಿಗೆ ಹೆಸರಾದರೆ ವಾಡಿ, ಶಹಾಬಾದ್ ಪಟ್ಟಣಗಳು ಸುಣ್ಣದ ಕಲ್ಲಿಗೆ ಹೆಸರಾಗಿವೆ. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. ಈ ಊರುಗಳ ಮನೆಯಂಗಳದಲ್ಲಿ ತುಳಸಿ, ದಾಸವಾಳ, ಚೆಂಡುಹೂವಿಗೆ ಬರುವ ಕೀಟಗಳಲ್ಲಿ ಹಲವು ತೊಗರಿ ಹೊಲಕ್ಕೂ ಹೋಗುವಂಥವು. ಅವುಗಳಲ್ಲಿ ಬೆಳೆಗೆ ನೆರವಾಗುವವೂ ಇವೆ, ಹಾನಿ ಮಾಡುವವೂ ಇವೆ. ಆದ್ದರಿಂದ ಕೀಟನಾಶಕ ಸಿಂಪಡಿಸುವ ಮುನ್ನ ಕೀಟ ಯಾವುದೆಂದು ತಿಳಿಯುವುದು ಅಗತ್ಯ. ಇದಕ್ಕೆ ಮೊಬೈಲ್ ಕ್ಯಾಮೆರಾ ಸಾಕು.

ಚಿತ್ರ ತೆಗೆಯುವ ಕ್ರಮ

ಬೆಳಗಿನ ತಂಪಿನಲ್ಲಿ ಕೀಟಗಳ ಚಲನೆ ನಿಧಾನವಾಗಿರುತ್ತದೆ. ನಮ್ಮ ನೆರಳು ಹೂವಿನ ಮೇಲೆ ಬೀಳದಂತೆ ನಿಲ್ಲಬೇಕು. ಕೀಟವನ್ನು ಬೆನ್ನಟ್ಟುವ ಬದಲು ಹೂವೊಂದರತ್ತ ಕ್ಯಾಮೆರಾ ಹಿಡಿದು ಕಾಯುವುದು ಲೇಸು. ಮೇಲಿನಿಂದ, ಪಕ್ಕದಿಂದ ಮತ್ತು ಮುಖದ ಕಡೆಯಿಂದ ಒಂದೊಂದು ಚಿತ್ರ ಬೇಕು. ದಿನಾಂಕ, ಊರು, ಗಿಡದ ಹೆಸರನ್ನು ಬರೆದಿಟ್ಟುಕೊಳ್ಳಬೇಕು.

ಗುರುತಿಸುವ ಬಗೆ

ಜೇನುನೊಣಕ್ಕೆ ನಾಲ್ಕು ರೆಕ್ಕೆ, ನೊಣಕ್ಕೆ ಎರಡೇ. ಹಳದಿ-ಕಪ್ಪು ಪಟ್ಟೆಯ ಹೂನೊಣ ಜೇನಿನಂತೆ ಕಂಡರೂ ಅದರ ಕಣ್ಣು ದೊಡ್ಡದು, ಮೀಸೆ ತೀರಾ ಗಿಡ್ಡ. ಅದು ಕುಟುಕುವುದಿಲ್ಲ. ಹಲವು ಹೂನೊಣಗಳ ಮರಿಹುಳುಗಳು ಸಸ್ಯಹೇನುಗಳನ್ನು ತಿಂದು ಗಿಡವನ್ನು ಕಾಯುತ್ತವೆ.

ಕೋಲುಜೇನು ಗಾತ್ರದಲ್ಲಿ ಚಿಕ್ಕದು. ಹೊಟ್ಟೆಯ ಮುಂಭಾಗ ಕೆಂಗಂದು, ಹಿಂಭಾಗದಲ್ಲಿ ಕಪ್ಪು-ಬಿಳಿ ಪಟ್ಟೆ. ಹೆಜ್ಜೇನು ಇದಕ್ಕಿಂತ ಬಹಳ ದೊಡ್ಡದು. ಎಲೆ ಕತ್ತರಿಸುವ ಜೇನು ಪರಾಗವನ್ನು ಕಾಲಿನಲ್ಲಲ್ಲ, ಹೊಟ್ಟೆಯ ಅಡಿಯಲ್ಲಿ ಹೊರುತ್ತದೆ. ಇದೂ, ಮರ ಕೊರೆದು ಗೂಡು ಮಾಡುವ ದಪ್ಪನೆಯ ಕರಿದುಂಬಿಯೂ ತೊಗರಿ ಹೂವಿನ ಪರಾಗಸ್ಪರ್ಶಕ್ಕೆ ನೆರವಾಗುತ್ತವೆ.

ಗಟ್ಟಿ ಕಪ್ಪು ರೆಕ್ಕೆಯ ಮೇಲೆ ಕಿತ್ತಳೆ ಪಟ್ಟೆಯಿರುವ ಬ್ಲಿಸ್ಟರ್ ದುಂಬಿ ದಾಸವಾಳದ ಎಸಳನ್ನೂ ತೊಗರಿ ಹೂವನ್ನೂ ತಿನ್ನುತ್ತದೆ. ಅದರ ಮೈಯಿಂದ ಒಸರುವ ಕ್ಯಾಂಥರಿಡಿನ್ ತಗುಲಿದರೆ ಚರ್ಮದ ಮೇಲೆ ಗುಳ್ಳೆ ಏಳುತ್ತದೆ, ಬರಿಗೈಯಿಂದ ಮುಟ್ಟಬಾರದು. ಅಂಗಳದಲ್ಲಿ ಕೈಗವಸು ಧರಿಸಿ ಆರಿಸಿ ತೆಗೆದರೆ ಸಾಕು, ಸಿಂಪಡಣೆ ಬೇಕಿಲ್ಲ.

ಚಿತ್ರದ ಮಿತಿ

ಚಿಟ್ಟೆಗಳನ್ನು ಒಳ್ಳೆಯ ಚಿತ್ರದಿಂದ ಬಹುಮಟ್ಟಿಗೆ ಗುರುತಿಸಬಹುದು. ಸಣ್ಣ ಜೇನುಗಳ ಕುಲವಷ್ಟೇ ತಿಳಿಯುವುದುಂಟು. ಪ್ರಭೇದ ನಿರ್ಧರಿಸಲು ಸೂಕ್ಷ್ಮದರ್ಶಕ ಬೇಕಾಗುತ್ತದೆ. ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಚಿತ್ರ ಸೇರಿಸಿದರೆ ಬಲ್ಲವರು ಹೆಸರು ಸೂಚಿಸುತ್ತಾರೆ.

ಹೊಲದಲ್ಲಿ ಸಿಂಪಡಣೆ ಅನಿವಾರ್ಯವಾದರೆ ಜೇನುಗಳು ಗೂಡಿಗೆ ಮರಳಿದ ಮೇಲೆ, ಸಂಜೆಯ ವೇಳೆ ಮಾಡುವುದು ಸೂಕ್ತ.